ಹಂಡೆಗೆ ಹೇಳಿದ ಮಾತು

ಬೆಳಗಿನ ಆರೂವರೆ. ತಿ.ನರಸೀಪುರದ ಹೊರಗಿನ ರೇಷ್ಮೆ ನೂಲು ಬಿಚ್ಚಣಿಕೆ ಘಟಕದ ತಗಡಿನ ಸೂರಿನಡಿ ಆಗಲೇ ಹಬೆ ತುಂಬಿದೆ. ಗೂಡು ಬೇಯುವ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಮೂಲೆಯಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಐವತ್ತೊಂದರ ವನಜಾಕ್ಷಿ ಕುಳಿತಿದ್ದಾರೆ, ತೊಡೆಯ ಮೇಲೆ ನೋಟ್‌ಬುಕ್. ಯಾರಾದರೂ ಬಾಯಿ ತೆರೆದರೆ ಅವರ ಪೆನ್ಸಿಲ್ ಒಂದು ಗೀಟು ಎಳೆಯುತ್ತದೆ.

ಹದಿನಾಲ್ಕನೇ ಸೀಟಿನ ಕೆಂಪಾಜಮ್ಮ ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುತ್ತ, ತಲೆ ಎತ್ತದೆ, ಗೂಡು ಬೇಯುವ ಹಂಡೆಗೆ ಹೇಳುತ್ತಾರೆ: “ನೀನು ಕುದ್ದೂ ಕುದ್ದೂ ಗೂಡ್ನೆಲ್ಲ ಗಂಜಿ ಮಾಡ್ಬುಡು. ಉರಿ ತಗ್ಸೋರು ಯಾರೂ ಇಲ್ವೇನೋ ಇಲ್ಲಿ.”

ಹಂಡೆಯ ಪಕ್ಕದಲ್ಲೇ ನಿಂತಿರುವ ಮೇಸ್ತ್ರಿ ಶಿವಸ್ವಾಮಿ ಆಕೆಯತ್ತ ತಿರುಗುವುದಿಲ್ಲ. ಬಗ್ಗಿ ಎರಡು ಕೊಳ್ಳಿ ಈಚೆಗೆಳೆಯುತ್ತಾರೆ. ವನಜಾಕ್ಷಿ ಒಂದು ಗೀಟು ಹಾಕಿ, ಅದರ ಮುಂದೆ ಸಣ್ಣಗೆ ‘ಹಂಡೆ’ ಎಂದು ಬರೆಯುತ್ತಾರೆ. ಆ ಒಂದು ಪದ ಬರೆಯುವುದನ್ನು ಕಲಿಯಲು ಅವರಿಗೆ ಎಂಟು ತಿಂಗಳು ಹಿಡಿದಿದೆ.

ವನಜಾಕ್ಷಿ ಮ್ಯಾನೇಜ್‌ಮೆಂಟ್ ವಿಷಯದ ಸಂಶೋಧಕಿ. ಊರು ಚಿಕ್ಕಯ್ಯನಛತ್ರದ ಹತ್ತಿರ, ವಾಸ ನಂಜನಗೂಡಿನಲ್ಲಿ, ಮೈಸೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿನ ಹಿಂದೆ ಡಾಕ್ಟರ್ ಇದೆ, ಕರೆಯುವವರಿಲ್ಲ. ಹೆಣ್ಣು ಗಂಡು ಕೂಡಿ ದುಡಿಯುವ ಕಡೆ ಯಾರ ಮಾತು ನಡೆಯುತ್ತದೆ, ಒಬ್ಬರು ಆಡಿದ್ದು ಇನ್ನೊಬ್ಬರ ಹೆಸರಿಗೆ ಹೇಗೆ ಸೇರಿಹೋಗುತ್ತದೆ ಎಂಬುದು ಅವರ ಅಧ್ಯಯನ. ವಚನ ಹಾಡಿದರೆ ಕೊನೆಯಲ್ಲಿ ಅಂಕಿತ ಬರುತ್ತದೆ, ಯಾರದೆಂದು ಕೇಳಿದವರಿಗೆ ಗೊತ್ತಾಗುತ್ತದೆ. ಆಡುಮಾತಿಗೆ ಅಂಕಿತವಿಲ್ಲ. ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು.

ಐದು ಹತ್ತರ ಬಸ್ಸಿಗೆ ನಂಜನಗೂಡು ಬಿಟ್ಟರೆ ಇಲ್ಲಿ ಎರಡೂವರೆ ಗಂಟೆ ಕುಳಿತು, ಹನ್ನೊಂದರ ಪಾಠಕ್ಕೆ ಮೈಸೂರು ಸೇರಬೇಕು. ಹೀಗೆ ನೂರಹನ್ನೆರಡು ಬೆಳಗು, ಹತ್ತೊಂಬತ್ತು ಜನ, ಹನ್ನೊಂದು ನೋಟ್‌ಬುಕ್. ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ, ಸೀಟಿನ ನಂಬರ್ ಮಾತ್ರ. ಆದರೂ ಮೊದಲ ತಿಂಗಳು ಅವರು ಬಂದರೆ ಸಾಲಿಗೆ ಸಾಲೇ ಸುಮ್ಮನಾಗುತ್ತಿತ್ತಂತೆ. ಮಾಲೀಕರ ಕಿವಿ ಎಂದು ಕೆಲವರು, ಲೇಬರ್ ಆಫೀಸಿನವರೆಂದು ಕೆಲವರು. ಮಾಲೀಕ ರಾಜೇಂದ್ರ ಅವರಿಗೋ, ಯೂನಿಯನ್ ಕಟ್ಟಲು ಬಂದವರಿರಬೇಕೆಂಬ ಗುಮಾನಿ.

“ಸರ್ಕಾರದ್ ಮನೆ ಪಟ್ಟೀಗೆ ಎಸ್ರು ಬರ್ಕೊಳ್ಳೋರು ಅಂತ ನಾನೇ ಆಧಾರ್ ಕಾರ್ಡ್ ತಂದ್ಕೊಟ್ಟಿದ್ದೆ” ಎಂದು ಕೆಂಪಾಜಮ್ಮ ನಗುತ್ತಾರೆ.

ಶಿವಸ್ವಾಮಿ ನಗುವುದಿಲ್ಲ. “ಬರ್ಯೋರ್ನ ಕಂಡ್ರೆ ನಂಗಾಗಲ್ಲ ಸಾ. ಬರ್ಕೊಂಡೋದೋರು ಯಾರೂ ನಮ್ಗೆ ಒಳ್ಳೇದ್ ಬರ್ದಿದ್ ಕಂಡಿಲ್ಲ.” ಆಮೇಲೆ, ಪೇಪರಿಗೆ ಬರೆಯಲು ಬಂದ ನನ್ನ ಜೇಬಿನ ಪೆನ್ನು ನೋಡಿ, “ನೀವೂ ಅವ್ರ್ ಪೈಕೀನಾ?”

ಅನುಮಾನ ನನಗೂ ಇತ್ತು. ಮಾತನ್ನು ಗೀಟಿನಲ್ಲಿ ಹಿಡಿಯಲು ಬರುತ್ತದೆಯೇ ಎಂದು ಕೇಳಿದೆ. ವನಜಾಕ್ಷಿ ವಾದಿಸಲಿಲ್ಲ. ಚೀಲದಿಂದ ಒಂದು ಕೋಷ್ಟಕ ತೆಗೆದರು. “ಇದು ನನ್ನ ಮೊದಲನೇ ಲೆಕ್ಕ. ಹದಿನಾಲ್ಕನೇ ಸೀಟು ನೋಡಿ.”

ಹದಿನಾಲ್ಕನೇ ಸೀಟಿನ ಮುಂದೆ ಸೊನ್ನೆ ಇತ್ತು. ಎಂಟು ತಿಂಗಳಲ್ಲಿ ಕೆಂಪಾಜಮ್ಮ ಒಂದೂ ಸಲಹೆ ಕೊಟ್ಟಿಲ್ಲ. ಅದರ ಕೆಳಗೆ ವನಜಾಕ್ಷಿಯವರದೇ ಅಕ್ಷರದಲ್ಲಿ: ‘ಮಹಿಳೆಯರು ಸಲಹೆ ನೀಡಲು ಹಿಂಜರಿಯುತ್ತಾರೆ.’

ಆ ಸೊನ್ನೆ ಬರೀ ಸೊನ್ನೆಯಾಗಿ ಉಳಿಯುವಂತಿರಲಿಲ್ಲ. ಘಟಕದಲ್ಲಿ ಎರಡನೇ ಹಂಡೆ ಹೂಡುವವರಿದ್ದರು. ಅದಕ್ಕೊಬ್ಬ ಮೇಸ್ತ್ರಿ ಬೇಕು. ಮೇಡಂ ಕೊಡುವ ಕೋಷ್ಟಕದಲ್ಲಿ ಯಾರ ಸಲಹೆ ಹೆಚ್ಚೋ ಅವರಿಗೆ ಕೊಡುತ್ತೇನೆ ಎಂದು ರಾಜೇಂದ್ರ ಹೇಳಿಬಿಟ್ಟಿದ್ದರು. ಹದಿನೇಳು ವರ್ಷ ಎಳೆ ತೆಗೆದು ಬೆರಳಿನ ಚರ್ಮ ಬೆಳ್ಳಗಾದ ಕೆಂಪಾಜಮ್ಮನಿಗೆ ಆ ಕೆಲಸದ ಮೇಲೆ ಮನಸ್ಸಿತ್ತು. ಕೇಳಿದವರಲ್ಲ.

ವನಜಾಕ್ಷಿಗೆ ತಪ್ಪು ಕಂಡದ್ದು ನಂಜನಗೂಡಿನ ಮನೆಯಲ್ಲಿ, ಒಂದು ಭಾನುವಾರ. ಅವರ ತಾಯಿ ಸಣ್ಣತಾಯಮ್ಮನಿಗೆ ಎಪ್ಪತ್ತೆಂಟು. ಊರಿನಿಂದ ಅವರ ಭಾವ, ಅಂದರೆ ಗಂಡನ ಅಣ್ಣ, ಬೋರಯ್ಯ ಬಂದು ಕುಳಿತಿದ್ದರು. ಮುಂದಿಟ್ಟ ಕಾಫಿ ಆರುತ್ತಿತ್ತು. ಸಣ್ಣತಾಯಮ್ಮ ಬಾಗಿಲ ಮರೆಯಿಂದ ಬೆಕ್ಕಿಗೆ ಹೇಳಿದರು: “ಲೇ ಬೆಕ್ಕೇ, ಕಾಪಿ ಆರೋಯ್ತಾ ಅದೆ. ಯಾರಾದ್ರೂ ಕುಡುದ್ಬುಟ್ರೆ ಲೋಟ ತೊಳ್ಕೋಬೋದು.” ಬೋರಯ್ಯ ಲೋಟ ಎತ್ತಿಕೊಂಡು ಕುಡಿದರು.

“ಗಂಡನ ಅಣ್ಣನ ಹತ್ರ ನೇರವಾಗಿ ಮಾತಾಡೋ ಹಾಗಿಲ್ಲ ನಮ್ಮಲ್ಲಿ. ಅರವತ್ತು ವರ್ಷದಿಂದ ನಮ್ಮವ್ವ ಅವರ ಹತ್ರ ಹಾಗೇ ಮಾತಾಡೋದು. ಒಂದ್ಸಲ ಒಲೆಗೆ, ಒಂದ್ಸಲ ಕಂಬಕ್ಕೆ. ಅದನ್ನ ನೋಡ್ಕೊಂಡೇ ಬೆಳೆದವಳು ನಾನು” ಎನ್ನುತ್ತಾರೆ ವನಜಾಕ್ಷಿ. “ಶಿವಸ್ವಾಮಿ ಕೆಂಪಾಜಮ್ಮನ ಗಂಡನ ಅಣ್ಣ ಅಂತ ಮೊದಲನೇ ವಾರವೇ ಗೊತ್ತಿತ್ತು. ಆದ್ರೆ ನನ್ನ ಕೋಷ್ಟಕದಲ್ಲಿ ‘ಯಾರಿಗೆ ಹೇಳಿದರು’ ಅಂತ ಒಂದು ಕಾಲಂ. ಹಂಡೆಗೆ ಹೇಳಿದ್ರೆ ಯಾರಿಗೂ ಹೇಳಿಲ್ಲ ಅಂತ ಲೆಕ್ಕ. ‘ಗೊಣಗಾಟ’ ಅಂತ ಬರೆದು ಪಕ್ಕಕ್ಕೆ ಹಾಕಿದ್ದೆ. ಆ ಕಾಲಂ ಯಾವುದೋ ಊರಿನ ಆಫೀಸಿಗೆ ಹೊಲಿದ ಅಂಗಿ.”

ಪುಣ್ಯಕ್ಕೆ ಪಕ್ಕಕ್ಕೆ ಹಾಕಿದ್ದು ಅಂಚಿನಲ್ಲಿ ಉಳಿದಿತ್ತು. ಹನ್ನೊಂದು ನೋಟ್‌ಬುಕ್ಕನ್ನೂ ಮತ್ತೆ ಓದಿದರು. ಹದಿನಾಲ್ಕನೇ ಸೀಟಿನಿಂದ ಹಂಡೆಗೆ ಅರವತ್ತೊಂದು ಮಾತು. ಅದರಲ್ಲಿ ನಲವತ್ತನಾಲ್ಕರ ಬೆನ್ನಿಗೇ ಶಿವಸ್ವಾಮಿ ಉರಿ ತಗ್ಗಿಸಿದ್ದರು, ತಣ್ಣೀರು ಹೊಯ್ದಿದ್ದರು, ಗೂಡು ತೆಗೆದಿದ್ದರು. ಆ ನಲವತ್ತನಾಲ್ಕೂ ಮೊದಲ ಕೋಷ್ಟಕದಲ್ಲಿ ‘ಮೇಸ್ತ್ರಿಯ ತೀರ್ಮಾನ’.

ಹೊಸ ಕೋಷ್ಟಕ ಕೊಟ್ಟಾಗ ರಾಜೇಂದ್ರ ಕನ್ನಡಕ ತೆಗೆದಿಟ್ಟರಂತೆ. ನನ್ನೆದುರಿಗೂ ಅವರ ಮಾತು ಅದೇ. “ಮೊದ್ಲು ಸೊನ್ನೆ ಅಂದ್ರು, ಈಗ ಅರವತ್ತೊಂದು ಅಂತಾರೆ. ನಾನ್ ಯಾವ್ದನ್ನ ನಂಬ್ಲಿ? ಅವ್ರೂ ಹೆಂಗಸು, ಇವ್ರೂ ಹೆಂಗಸು. ಒಳಗೇ ಮಾತಾಡ್ಕೊಂಡಿರ್ಬೋದು.”

“ಕೇಳಬೇಕಾದ್ದೇ” ಎನ್ನುತ್ತಾರೆ ವನಜಾಕ್ಷಿ. “ನನ್ನನ್ನ ನಾನೇ ನಂಬೋದು ಬಿಟ್ಟಿದ್ದೀನಿ. ನನ್ನ ಪುಸ್ತಕ ಬೇಡ, ನೀವೇ ಬಂದು ನಿಂತ್ಕೊಂಡು ಕೇಳಿ ಅಂದೆ.”

ನಾನು ಹೋದ ಮೂರನೇ ಬೆಳಗು. ಗೂಡಿನ ಚೀಲಗಳ ಹಿಂದೆ ರಾಜೇಂದ್ರ ನಿಂತಿದ್ದಾರೆ. ನಿಂತಿರುವುದು ಎಲ್ಲರಿಗೂ ಗೊತ್ತು. ಕೆಂಪಾಜಮ್ಮನೂ ಇವತ್ತು ಬಾಯಿ ಬಿಡುತ್ತಿಲ್ಲ. ಬೇಸಿನ್ನಿನಲ್ಲಿ ಎಳೆ ಒಂದರ ಹಿಂದೆ ಒಂದು ಹರಿಯುತ್ತಿದೆ. ಪಕ್ಕದ ಸೀಟಿನ ವಾಣಿ ಮೊಣಕೈಯಲ್ಲಿ ತಿವಿಯುತ್ತಾಳೆ. “ಯಾಕಕ್ಕ, ಇವತ್ತು ಅಂಡೆ ಜೊತೆ ಟೂ ಬುಟ್ಟಿದ್ದೀಯಾ?” ಸಾಲಿನಲ್ಲಿ ನಗು ಹರಿದಾಡುತ್ತದೆ. ಕೆಂಪಾಜಮ್ಮ ಹರಿದ ಎಳೆಯನ್ನು ಬೆರಳಿಗೆ ಸುತ್ತಿ ನೋಡಿ, ಕೊನೆಗೆ ಹೇಳಿಯೇಬಿಡುತ್ತಾರೆ.

“ಅಂಡೇ, ಇವು ಎಳೇ ಗೂಡು. ನಿನ್ನೆ ಬೇಯ್ಸಿದಂಗೆ ಬೇಯ್ಸಿದ್ರೆ ತಡೀತಾವಾ?”

ಶಿವಸ್ವಾಮಿ ಉರಿ ಎಳೆದು, ಜಾಲರಿಯಲ್ಲಿ ಗೂಡು ಮೇಲೆತ್ತುತ್ತಾರೆ. ರಾಜೇಂದ್ರ ಚೀಲಗಳಿಂದ ಈಚೆ ಬರುತ್ತಾರೆ.

“ಯಾರಪ್ಪಾ ಹೇಳಿದ್ದು ನಿಂಗೆ, ತೆಗಿ ಅಂತ?”

ಶಿವಸ್ವಾಮಿ ಜಾಲರಿ ಹಿಡಿದೇ ನಿಲ್ಲುತ್ತಾರೆ. ನೀರು ತೊಟ್ಟಿಕ್ಕುತ್ತದೆ. ನಾನೇ ನೋಡಿ ತೆಗೆದೆ ಎಂದರೆ ಮುಗಿಯಿತು, ತಪ್ಪೆನ್ನುವವರಿಲ್ಲ. ಹದಿನೇಳು ವರ್ಷ ಹಾಗೆಯೇ ನಡೆದಿದೆ. ಎಲ್ಲರ ಕಣ್ಣೂ ಅವರ ಮೇಲಿದೆ, ಕೆಂಪಾಜಮ್ಮನದೊಂದು ಬಿಟ್ಟು.

“ನಮ್ ತಮ್ಮನ್ ಎಂಡ್ರು ಏಳಿದ್ದು ಸಾ” ಎನ್ನುತ್ತಾರೆ ಶಿವಸ್ವಾಮಿ. “ದಿನಾ ಅವ್ರೇ ಏಳೋದು. ನಂಗೆ ಉರಿ ಗೊತ್ತು, ಗೂಡು ಅವ್ರ್ಗೇ ಗೊತ್ತು. ಯಾರೂ ಕೇಳ್ನಿಲ್ಲ, ನಾನೂ ಏಳ್ನಿಲ್ಲ.”

ರಾಜೇಂದ್ರ ತಲೆಯಾಡಿಸಿ ಆಫೀಸಿಗೆ ನಡೆಯುತ್ತಾರೆ. ಎಂಟೂವರೆಗೆ ಗುಮಾಸ್ತರು ಬಂದು, ಒಂದನೇ ತಾರೀಖಿನಿಂದ ಎರಡನೇ ಹಂಡೆ ಕೆಂಪಾಜಮ್ಮನದು, ಸದ್ಯ ಮೂರು ತಿಂಗಳಿಗೆ ಎನ್ನುತ್ತಾರೆ. ಆ ‘ಸದ್ಯ’ವನ್ನೂ ವನಜಾಕ್ಷಿ ಬರೆದುಕೊಳ್ಳುತ್ತಾರೆ.

ಪೇಪರಿನಲ್ಲಿ ಹೆಸರು ಹಾಕಬಹುದೇ ಎಂದು ಕೆಂಪಾಜಮ್ಮನನ್ನು ಕೇಳುತ್ತೇನೆ. ನೀರಿನಲ್ಲಿ ಒಂದು ಎಳೆಯ ತುದಿ ಹಿಡಿದು ಹೇಳುತ್ತಾರೆ: “ಆಕಿ ಬುಡಿ. ಇಷ್ಟ್ ವರ್ಸ ಅಂಡೆಗ್ ಏಳಿದ್ದು ಅಂಡೆಗೇ ಓಯ್ತು.”

ನಿಮಗೇನಾದರೂ ಆಸೆ ಇದೆಯೇ ಎಂದು ವನಜಾಕ್ಷಿಯವರನ್ನೂ ಕೇಳುತ್ತೇನೆ. “ಇದಕ್ಕಿಂತ ಮುಂಚೆ ಎರಡು ಕಡೆ ಇದೇ ಕಾಲಂ ಇಟ್ಕೊಂಡು ಲೆಕ್ಕ ಮಾಡಿ ಬಂದಿದ್ದೀನಿ. ಅಲ್ಲಿ ಯಾರ್ಯಾರ ಮುಂದೆ ಸೊನ್ನೆ ಬರೆದೆನೋ. ವಾಪಸ್ ಹೋಗಿ ಕೇಳಬೇಕು, ಒಳಗೆ ಬಿಟ್ರೆ.” ಕ್ರೇಟಿನಿಂದ ಎದ್ದು ಚೀಲ ಹೆಗಲಿಗೇರಿಸುತ್ತಾರೆ. ಒಂಬತ್ತಾಗಿದೆ, ಮೈಸೂರಿನ ಬಸ್ಸು ಬರುವ ಹೊತ್ತು.

ಬಾಗಿಲ ತನಕ ಹೋಗಿರಬೇಕು, ಹಿಂದಿನಿಂದ ಕೆಂಪಾಜಮ್ಮನ ದನಿ. ತಲೆ ಎತ್ತಿಲ್ಲ, ಕೈ ನೀರಿನಲ್ಲೇ ಇದೆ.

“ಅಂಡೇ, ಇವತ್ತಿಂದು ಬರ್ಕೊಂಡ್ರಾ ಅಂತ ಕೇಳು.”

ವನಜಾಕ್ಷಿ ಹಂಡೆಯ ಕಡೆ ತಿರುಗುತ್ತಾರೆ. “ಬರ್ಕೊಂಡೆ ಅಂತ ಹೇಳು.”