ಭಾವನ ಅರ್ಧ ಲೋಡು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಯಾವುದನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಹೊಸ ಮಂಚ ತಂದ ದಿನ ಅದರ ಮೇಲೆ ನನ್ನನ್ನೂ ಅಕ್ಕನನ್ನೂ ಕೂರಿಸಿ, ತಾವು ಟಾರ್ಚ್ ಹಿಡಿದು ಕೆಳಗೆ ತೂರಿಕೊಂಡಿದ್ದರು. ನಾವು ಎದ್ದ ಮೇಲೂ ಹೊರಗೆ ಬರಲಿಲ್ಲ. "ಬಗ್ಗೋದು ತಪ್ಪಲ್ಲಮ್ಮ, ಭಾರ ಇಳಿದ್ಮೇಲೆ ವಾಪಸ್ ಬರಬೇಕು, ಅಷ್ಟೇ" ಎಂದು ಮಂಚದಡಿಯಿಂದಲೇ ಪಾಠ ಹೇಳಿದರು.

ಹಳೆಯ ಕಾಂಕ್ರೀಟ್ ಸೇತುವೆಗಳು ಇನ್ನೂ ಎಷ್ಟು ಭಾರ ತಡೆಯುತ್ತವೆಂದು ನೋಡುವುದೇ ಅವರ ನೌಕರಿ. ಮರಳು ತುಂಬಿದ ಲಾರಿಗಳನ್ನು ಸೇತುವೆಯ ಮೇಲೆ ನಿಲ್ಲಿಸಬೇಕು. ಕೆಳಗೆ ತೊಲೆಗೆ ತಾಗಿಸಿಟ್ಟ ಡಯಲ್‌ನಲ್ಲಿ ಅದು ಎಷ್ಟು ಬಗ್ಗಿತೆಂದು ನೋಡಬೇಕು. ಲಾರಿಗಳನ್ನು ಕಳಿಸಿ ಮಾರನೇ ದಿನ ನೋಡಿದಾಗ ಮುಳ್ಳು ಮೊದಲಿನ ಜಾಗದ ಹತ್ತಿರ ಬಂದಿದ್ದರೆ ಪಾಸು, ಇಲ್ಲದಿದ್ದರೆ ರಸ್ತೆ ಬಂದ್. ಬಂದ್ ಆದರೆ ಜನ ಬೈಯುತ್ತಾರೆ, ಹೊಸದು ಕಟ್ಟಬೇಕಾಗುತ್ತದೆ, ಎಲ್ಲ ದೊಡ್ಡ ಸಾಹೇಬರ ತಲೆಗೇ ಬರುತ್ತದೆ. ಅದಕ್ಕೆ ಸಾಹೇಬರು ಒಂದು ಉಪಾಯ ಹುಡುಕಿದ್ದರು.

"ಪಾಪ, ವಯಸ್ಸಾದ ಸೇತುವೆ ಕಣ್ರೀ. ಪೂರ್ತಿ ಲೋಡ್ ಹಾಕಿ ಯಾಕೆ ಗೋಳು ಹುಯ್ಕೋತೀರಿ? ಅರ್ಧ ಹಾಕಿ."

ಅರ್ಧ ಲೋಡಿಗೆ ಫೇಲಾಗುವಷ್ಟು ಹಟಮಾರಿ ಸೇತುವೆ ಎಲ್ಲಿದೆ? ಎಲ್ಲವೂ ಪಾಸಾದವು. ಸಾಹೇಬರಿಗೆ ಬಡ್ತಿ ಸಿಕ್ಕಿತು. ಭಾವನಿಗೆ ಸಾಹೇಬರ ಪಕ್ಕ ನಿಂತ ಫೋಟೋ ಸಿಕ್ಕಿತು, ಅದು ಇಂದಿಗೂ ಅವರ ಮನೆಯ ಟೀವಿ ಪಕ್ಕದಲ್ಲಿದೆ. ಮಂಚದ ಮುಂದೆ ಹುಲಿಯಾದ ನಮ್ಮ ಭಾವ, ಸಾಹೇಬರ ಮುಂದೆ ಬಾಲ ಮುದುರಿದ ಬೆಕ್ಕು. ಈ ಅರ್ಧದ ಸಂಗತಿ ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ನರ್ಸು. ಅವಳ ಆಸ್ಪತ್ರೆಯ ಬಸ್ಸು ದಿನವೂ ಹೊಳೆ ದಾಟಬೇಕು. ಆ ಹೊಳೆಯ ಸೇತುವೆಯ ಸರದಿ ಬಂದಾಗ ಭಾವನಿಗೆ ಊಟ ಸೇರಲಿಲ್ಲ. ಸಾಹೇಬರು ರಜೆಯಲ್ಲಿದ್ದ ಸಮಯ ನೋಡಿಕೊಂಡು ಲಾರಿಗಳಿಗೆ ಪೂರ್ತಿ ಮರಳು ತುಂಬಿಸಿಬಿಟ್ಟರು. ಸೇತುವೆ ಬಗ್ಗಿತು. ಲಾರಿಗಳು ಹೋದವು. ಮಾರನೇ ದಿನವೂ ಮುಳ್ಳು ಸೇತುವೆ ಬಗ್ಗಿದಾಗಿನ ಜಾಗದಲ್ಲೇ ನಿಂತಿತ್ತು.

ಸಾಹೇಬರು ರಜೆ ಬಿಟ್ಟು ಓಡಿ ಬಂದರು. "ತಲೆ ಕೆಟ್ಟಿದೆಯೇನ್ರೀ? ಮುಳ್ಳು ಬರುತ್ತೆ ಬಿಡ್ರಿ. ವಯಸ್ಸಾದವರು ಏಳೋದು ಸ್ವಲ್ಪ ನಿಧಾನ. ಪಾಸ್ ಅಂತ ಸಹಿ ಹಾಕಿ."

"ಹಾಕ್ತೀನಿ ಸಾರ್. ನೀವೂ ಹಾಕ್ಬೇಕಲ್ಲ? ಲಾರಿಗಳನ್ನ ಮತ್ತೆ ಮೇಲೆ ನಿಲ್ಲಿಸ್ತೀನಿ. ಕೆಳಗೆ ಒಳ್ಳೇ ನೆರಳಿದೆ, ಎರಡು ಕುರ್ಚಿ ಹಾಕಿದ್ದೀನಿ. ಬನ್ನಿ, ಅಲ್ಲೇ ಕೂತು ಇಬ್ರೂ ಹಾಕೋಣ."

ಸಾಹೇಬರು ಬಗ್ಗಿ ಕುರ್ಚಿಗಳನ್ನು ನೋಡಿದರು. ಕತ್ತೆತ್ತಿ ತೊಲೆಯನ್ನು ನೋಡಿದರು. ಅವರಿಗೆ ತಟ್ಟನೆ ಇನ್ನೊಂದು ಮೀಟಿಂಗ್ ನೆನಪಾಯಿತು. ಸಂಜೆಯೊಳಗೆ ರಸ್ತೆಗೆ ಅಡ್ಡಲಾಗಿ ಡ್ರಮ್ಮುಗಳು ಬಂದು ಕೂತವು.

ಮನೆಯಲ್ಲಿ ಭಾವನನ್ನು ಹೆಗಲ ಮೇಲೆ ಹೊತ್ತು ಮೆರೆಸುವುದೊಂದು ಬಾಕಿ. ನನಗಂತೂ ಹೆಮ್ಮೆಯೋ ಹೆಮ್ಮೆ. ಕಂಡಕಂಡವರಿಗೆಲ್ಲ ಕುರ್ಚಿಯ ಕಥೆ ಹೇಳಿಕೊಂಡು ತಿರುಗಿದೆ.

ಆ ಭಾನುವಾರ ಅಮ್ಮನನ್ನು ನೋಡಲು ಭಾವನ ಕಾರಿನಲ್ಲಿ ಹೊರಟೆವು. ರೈಲು ಹಳಿಯ ಮೇಲಿನ ದೊಡ್ಡ ಸೇತುವೆ ಕಾಣುತ್ತಲೇ ಭಾವ ಕಾರನ್ನು ಪಕ್ಕದ ರಸ್ತೆಗೆ ತಿರುಗಿಸಿದರು.

"ಯಾಕ್ರೀ, ಸುತ್ತಾಗಲ್ವಾ?" ಅಂದಳು ಅಕ್ಕ.

"ಆಗ್ಲಿ ಬಿಡು. ಆ ದಾರಿ ಬೇಡ."

"ನೀವೇ ಪಾಸ್ ಮಾಡಿದ್ದಲ್ವಾ ಅದನ್ನ?"

ಭಾವ ಕನ್ನಡಿ ಸರಿಮಾಡಿಕೊಂಡರು.

"ಗಾಡಿ ನಿಲ್ಸಿ. ಅದಕ್ಕೆ ಎಷ್ಟು ಹಾಕಿದ್ರಿ?"

"ಅರ್ಧ" ಎಂದರು ಭಾವ, ಕಾರನ್ನು ತಿರುವಿನಲ್ಲೇ ನಿಲ್ಲಿಸಿ. ಆಮೇಲೆ ಸಾಹೇಬರ ಉಪಾಯವೆಲ್ಲ ಒಂದೊಂದಾಗಿ ಹೊರಬಿತ್ತು. ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಆ ಸೇತುವೆಗಳ ಮೇಲೆ ಓಡಾಡಿದವರೂ ಯಾರದೋ ಅಕ್ಕಂದಿರೇ ತಾನೆ? ಹಿಂದಿನಿಂದ ಬಂದ ಬಸ್ಸೊಂದು ನಮಗೆ ಹಾರ್ನ್ ಹೊಡೆದು, ಬಾಗಿಲಿನವರೆಗೂ ಜನ ತುಂಬಿಕೊಂಡು ನೇರ ಸೇತುವೆ ಹತ್ತಿತು. ಅದು ಆಚೆ ಇಳಿಯುವವರೆಗೆ ಭಾವ ಉಸಿರು ಬಿಡಲಿಲ್ಲ.

ಅಕ್ಕ ಇಳಿದು ಹೋಗಿ ಡಿಕ್ಕಿ ತೆಗೆದಳು. ಹೊಳೆಯ ಹತ್ತಿರ ಹಾಕಿದ್ದ ಮಡಿಚುವ ಕುರ್ಚಿಗಳು ಅಲ್ಲೇ ಇದ್ದವು. ಎರಡನ್ನೂ ಕಂಕುಳಲ್ಲಿ ಹಿಡಿದು ಕಿಟಕಿಯ ಬಳಿ ಬಂದಳು.

"ಬನ್ನಿ, ಕೆಳಗೆ ಒಳ್ಳೇ ನೆರಳಿದೆ. ಮುಂದಿನ ಬಸ್ ಬರೋವರೆಗೂ ಕೂರೋಣ."

ಭಾವ ಇಳಿಯಲಿಲ್ಲ. ಕೂತಲ್ಲಿಂದಲೇ ಮರಳು ಲಾರಿಯವನಿಗೆ ಫೋನ್ ಮಾಡಿದರು.

"ನಾಳೆ ಬೆಳಿಗ್ಗೆ ಲಾರಿ ಬೇಕಪ್ಪ. ಇಲ್ಲ, ಅರ್ಧ ಅಲ್ಲ, ಪೂರ್ತಿ ತುಂಬ್ಸು."