ಗಲ್ಲ ಉಬ್ಬಿಸಲೊಲ್ಲದ ಅವ್ವ

ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವ ರೂಢಿ ಅವ್ವನಿಗೆ ತವರಿನಿಂದಲೇ ಬಂದಿತ್ತು. ಮದುವೆಯಾಗಿ ಮರಾಠಿ ಸೀಮೆಯ ಖಡಕಿಗೆ ಬಂದ ಮೇಲೂ ಬಿಡಲಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಎಡಗಲ್ಲದ ಒಳಗೆ ಹುಣ್ಣಾಯಿತು. ಚೂರು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದರು. ಅದು ದವಡೆಯ ಎಲುಬಿಗೆ ಇಳಿದಿದೆಯೋ ಇಲ್ಲವೋ ಸ್ಕ್ಯಾನ್ ಹೇಳಬೇಕಿತ್ತು. ಇಳಿದಿದ್ದರೆ ಅರ್ಧ ದವಡೆ ತೆಗೆಯಬೇಕು ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಶಿವಾಜಿನಗರದ ಸ್ಕ್ಯಾನ್ ಸೆಂಟರಿಗೆ ನಮ್ಮನ್ನು ಕರೆದೊಯ್ದದ್ದು ದೊಡ್ಡಪ್ಪ. ಅಪ್ಪ ತೀರಿದ ಮೇಲೆ ಮನೆಗೆ ಹಿರಿಯರು ಅವರೇ. ಅವರಿಗೆ ಹೇಳದೆ ನಮ್ಮಲ್ಲಿ ಹುಲ್ಲುಕಡ್ಡಿಯೂ ಅಲುಗಬಾರದು. ಯಂತ್ರ ನಡೆಸುವಾಕೆಯ ಬೆನ್ನ ಹಿಂದೆ, ಗಾಜಿಗೆ ಮುಖ ಕೊಟ್ಟು ನಿಂತುಬಿಟ್ಟರು.

ಗಾಜಿನಾಚೆ ಯಂತ್ರದಲ್ಲಿ ಅವ್ವ ಮಲಗಿದ್ದಳು. ಬಾಯಿ ಮುಚ್ಚಿ ಗಲ್ಲ ಉಬ್ಬಿಸಿ ಹಿಡಿಯಿರಿ ಎಂದು ಯಂತ್ರದಾಕೆ ಮೈಕಿನಲ್ಲಿ ಮರಾಠಿಯಲ್ಲಿ ಹೇಳಿದರು. ಅವ್ವ ಉಬ್ಬಿಸಲಿಲ್ಲ. ಮತ್ತೆ ಹೇಳಿದರು, ಆಗಲೂ ಇಲ್ಲ.

"ನೋಯತಿರಬೇಕು. ಹಂಗೇ ತಗೀರಿ ಅನ್ನು," ಎಂದರು ದೊಡ್ಡಪ್ಪ ನನಗೆ.

ಹಾಗೇ ತೆಗೆದರೆ ಗಲ್ಲ ವಸಡಿಗೆ ಅಂಟಿಕೊಂಡಿರುತ್ತದೆ, ಹುಣ್ಣು ಎಲ್ಲಿಯವರೆಗೆ ಹೋಗಿದೆ ಅಂತ ತಿಳಿಯುವುದಿಲ್ಲ ಎಂದರು ಆಕೆ. ನಾನೇ ಒಳಗೆ ಹೋಗಿ ಬಗ್ಗಿದೆ.

"ಯಾಕವ್ವಾ, ಭಾಳ ನೋಯತದೇನು?"

"ಭಾವನೋರು ನಿಂತಾರ," ಅಂದಳು ಮೆಲ್ಲಗೆ. "ಅವರ ಮುಂದ ಮಂಗ್ಯಾನಂಗ ಗಲ್ಲ ಉಬ್ಬಸ್ಲೇನು?"

ಅವರೆದುರು ತಲೆಯ ಮೇಲಿನ ಸೆರಗು ಜಾರಗೊಡದೆ, ಮುಖ ಕೊಟ್ಟು ಮಾತಾಡದೆ ಬಾಳಿದವಳು. ಪ್ರಾಣ ಹೋದರೂ ಮಾನ ಹೋಗಬಾರದು! ಈಚೆ ಬಂದು, "ದೊಡ್ಡಪ್ಪಾ, ನೀವು ಹೊರಗ ಕೂಡ್ರಿ," ಎಂದೆ. ಅವರಿಗೆ ಯಾರೂ ಹಾಗೆ ಹೇಳಿದ್ದಿಲ್ಲ.

"ನಾ ಇರಬಾರದಂಥಾದ್ದೇನದ ಇಲ್ಲೆ?"

"ಅವ್ವಗ ನಿಮ್ಮ ಮುಂದ ನಾಚಿಕಿ ಬರತದ್ರಿ."

ಮುಖ ಗಂಟಿಕ್ಕಿಕೊಂಡು ಹೋದರು. ಅವ್ವ ಗಲ್ಲ ಉಬ್ಬಿಸಿದಳು. ನೋವಿಗೆ ಕಣ್ಣಿಂದ ನೀರು ಕಿವಿಯವರೆಗೂ ಇಳಿಯಿತು, ಗಾಳಿ ಮಾತ್ರ ಬಿಡಲಿಲ್ಲ.

ಸಂಜೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ದವಡೆಯ ಎಲುಬು ಚೊಕ್ಕಟವಿದೆ, ಆದರೆ ಕುತ್ತಿಗೆಯಲ್ಲಿ ಎರಡು ಗಂಟು ಕಾಣುತ್ತಿವೆ, ರೋಗ ಅಲ್ಲಿಗೆ ಇಳಿದಂತಿದೆ ಎಂದರು. ದೊಡ್ಡಪ್ಪ ಕೈ ಮುಗಿದರು. ದವಡೆ ಉಳಿಯಿತೆಂಬ ಸಂತೋಷಕ್ಕೆ ನಾನು ಅಲ್ಲೇ ಅತ್ತುಬಿಟ್ಟೆ.

ಅವ್ವ ನಮ್ಮಿಬ್ಬರನ್ನೂ ನೋಡಿದಳು.

"ಕುತ್ತಿಗೀಗೆ ಇಳದದ ಅಂದ್ರಲ್ಲ," ಅಂದಳು. "ಅದನ್ಯಾಕ ಯಾರೂ ಕೇಳವಲ್ರಿ?"