ಅಜ್ಜಿಯ ದಿಂಬಿನ ಕೆಳಗಿನ ಬೀಜಗಳು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬುಟ್ಟಿಯಲ್ಲಿ ಏಳು ಸೀತಾಫಲವಿದ್ದವೋ ಎಂಟೋ, ಈಗ ಆಣೆ ಮಾಡಿ ಹೇಳಲಾರೆ. ಇಂಥ ವಿಚಿತ್ರಗಳನ್ನೆಲ್ಲ ನಂಬದವಳು ನಾನು. ಮರುದಿನವೇ ಡೈರಿಯಲ್ಲಿ ಬರೆದಿಟ್ಟೆ ನಿಜ. ಆದರೆ ಅದನ್ನು ಓದಿ ಓದಿ, ನೆನಪಿರುವುದು ಕಂಡದ್ದೋ ಬರೆದದ್ದೋ ತಿಳಿಯದಾಗಿದೆ.

ಊರಂಚಿನ ಕೊಂಢವಾದಲ್ಲಿ ನಮ್ಮ ಮನೆಯ ಹಿಂದೆಯೇ ಕುರುಚಲು ಕಾಡಿನ ಗುಡ್ಡ; ಗ್ಯಾಲರಿ, ಎಂದರೆ ಬಾಲ್ಕನಿ, ಅತ್ತ ಕಡೆಗೇ. ಸೊಂಟ ಮುರಿದ ಅಜ್ಜಿ ಆ ವರ್ಷ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಹಣ್ಣು ಬಂದ್. ಆದರೂ ಮೂರು ದಿನ ಬೆಳಿಗ್ಗೆ ಅವಳ ಮಂಚದ ಕೆಳಗೆ ಸೀತಾಫಲದ ಸಿಪ್ಪೆ ಸಿಕ್ಕಿತು, ಶುಗರ್ ಏರಿತು. ಹಣ್ಣಿನ ಬುಟ್ಟಿ ತಂದವಳು ಸೋದರತ್ತೆ, ಅಜ್ಜಿಯ ಮಗಳು. ಅವಳು ಅನುಮಾನಿಸಿದ್ದು ಮಾತ್ರ ಅವ್ವನನ್ನು.

"ವೈನಿ, ನಮ್ಮವ್ವನ್ನ ಲಗೂನ ಕಳಸೂ ವಿಚಾರ ಅದ ಏನ್ರಿ?" ಎಂದು ಅತ್ತಿಗೆಯನ್ನು ನೇರವಾಗಿ ಕೇಳಿದಳು.

"ನಾ ಕೊಟ್ಟಿದ್ರ ಈ ಕೈ ಸೇದಿಹೋಗ್ಲಿ," ಎಂದ ಅವ್ವ ಉಣ್ಣದೆ ಮಲಗಿದಳು.

ಅಜ್ಜಿ ಗೋಡೆ ನೋಡುತ್ತ, "ಗ್ಯಾಲರಿ ಬಾಗಲಾ ಹಾಕಬ್ಯಾಡ್ರವಾ, ಜೀವ ಒತ್ತತದ," ಎಂದಳು.

ಆ ರಾತ್ರಿ ನಡುಮನೆಯಲ್ಲಿ, ಹಣ್ಣಿನ ಬುಟ್ಟಿ ಕಾಣುವಂತೆ, ದೀಪವಾರಿಸಿ ಕುಳಿತೆ. ಎದ್ದೆ, ಮತ್ತೆ ಕುಳಿತೆ. ಅವ್ವ ಬಾರದಿರಲಿ ಎಂದು ಅವಳ ಬಾಗಿಲನ್ನೇ ನೋಡಿದೆ. ಬಂದದ್ದು ಗ್ಯಾಲರಿಯಿಂದ, ಒಂದು ಪುನುಗು ಬೆಕ್ಕು. ಬುಟ್ಟಿಯ ಹಣ್ಣುಗಳನ್ನು ಒಂದೊಂದಾಗಿ ಮೂಸಿತು. ಗಟ್ಟಿ ಇದ್ದವನ್ನು ಮುಟ್ಟಲಿಲ್ಲ. ತೀರ ಕಳಿತದ್ದೊಂದನ್ನು ಮುಂಗಾಲಲ್ಲಿ ಒತ್ತಿ ಹಿಡಿದು ತಿಂದಿತು. ಇನ್ನೊಂದನ್ನು ಬಾಯಲ್ಲಿ ಕಚ್ಚಿಕೊಂಡು ಅಜ್ಜಿಯ ಕೋಣೆಗೆ ಹೋಯಿತು. ನಾನು ಏಳಲಿಲ್ಲ, ಏಕೋ ಗೊತ್ತಿಲ್ಲ. ಒಳಗೆ ಚಪ್ಪರಿಸುವ ಸದ್ದು ಬಹಳ ಹೊತ್ತು ಕೇಳಿತು.

ಬೆಳಿಗ್ಗೆ ಗ್ಯಾಲರಿ ಕಟ್ಟೆಯ ಮೇಲೆ ಬೀಜ ತುಂಬಿದ ಹಿಕ್ಕೆ. ತೋರಿಸಿ, ರಾತ್ರಿ ಕಂಡದ್ದನ್ನು ಹೇಳಿದೆ. ಅತ್ತೆ ತಲೆ ತಗ್ಗಿಸಿ, "ತಪ್ಪಾತ್ರಿ ವೈನಿ," ಎಂದಳು. ಅವ್ವ ಅಂದು ಉಂಡಳು.

ಆಮೇಲೆ ಓದಿ ತಿಳಿದೆ: ಈ ಪ್ರಾಣಿ ಒಂಟಿಯಾಗಿ ತಿರುಗುತ್ತದೆ, ಮಾಗಿದ ಹಣ್ಣನ್ನೇ ಆರಿಸುತ್ತದೆ, ಬೀಜವನ್ನು ಉಗುಳದೆ ನುಂಗುತ್ತದೆ. ಆದರೆ ಅದೇ ಬೆಳಿಗ್ಗೆ ಅಜ್ಜಿಯ ದಿಂಬಿನ ಕೆಳಗೆ ನನಗೆ ಹನ್ನೊಂದು ಬೀಜ ಸಿಕ್ಕಿದ್ದವು, ಮನುಷ್ಯರ ಬಾಯಿ ಚೀಪಿ ಚೀಪಿ ನುಣುಪಾದವು. ಅವನ್ನು ಯಾರಿಗೂ ತೋರಿಸಲಿಲ್ಲ. ಬೆಕ್ಕು ಹಣ್ಣು ಕಚ್ಚಿಕೊಂಡು ಹೋದದ್ದನ್ನು ನಿಜಕ್ಕೂ ಕಂಡೆನೆ, ಅವ್ವನನ್ನು ಉಳಿಸಲು ಆಮೇಲೆ ಸೇರಿಸಿಕೊಂಡೆನೆ?

ಅಜ್ಜಿ ಈಗಲೂ ಇದ್ದಾಳೆ. ಕೇಳಿದಾಗಲೆಲ್ಲ ಗೋಡೆಗೆ ಹೊರಳುತ್ತಾಳೆ. ನಿನ್ನೆಯೂ ಕೇಳಿದೆ:

"ಅಜ್ಜಿ, ಖರೇ ಹೇಳು, ನಿನಗ ಹಣ್ಣು ತಂದು ಕೊಡತಿದ್ದವರು ಯಾರು?"